‘ಮಾಡ್ಲತ್ತೀನಿ’ ಎಲ್ಲಿಂದ ಬಂತು? ಭಾಷಾವಿಜ್ಞಾನ ಡಿಗ್ರಿಯಲ್ಲಿ ಏನು ಓದ್ತಾರೆ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕಡೆ ಮನೆಗಳಲ್ಲಿ ನಡೆಯುವ ಚರ್ಚೆ ಬಹಳ ಸಣ್ಣದು. ಸೈನ್ಸ್ ಆದ್ರೆ ಸಿಇಟಿ ಇಲ್ಲವೇ ನೀಟ್, ರ್‍ಯಾಂಕ್ ಬರದಿದ್ರೆ ಬಿಎಸ್ಸಿ ಅಥವಾ ನರ್ಸಿಂಗ್. ಆರ್ಟ್ಸ್ ಆದ್ರೆ ಬಿಎ, ಬಿಎಡ್, ಆಮೇಲೆ ಸರ್ಕಾರಿ ನೌಕರಿಯ ಪರೀಕ್ಷೆ. ಕಾಕಾ, ಮಾಮಾ, ಪಕ್ಕದ ಮನೆ ಮಾಸ್ತರು ಎಲ್ಲರೂ ಸೇರಿ ಇದರಲ್ಲೇ ಒಂದನ್ನ ಆರಿಸ್ತಾರೆ. ಭಾಷಾವಿಜ್ಞಾನ ಅನ್ನೋ ಹೆಸರು ಆ ಮಾತಿನಲ್ಲಿ ಬರೋದೇ ಇಲ್ಲ. ಬಂದ್ರೂ "ಅಂದ್ರ ಕನ್ನಡ ಎಂಎ ಏನು?" ಅಂತ ಕೇಳಿ ಮುಗಿಸ್ತಾರೆ.

ಈ ವರ್ಷ ನಮ್ಮ ಸಂಘದ ಒಬ್ಬರ ತಂಗಿ ಈ ಪ್ರಶ್ನೆ ಗಂಭೀರವಾಗಿ ಕೇಳಿದಳು. ಏನು ಓದಿಸ್ತಾರೆ, ಎಲ್ಲಿ ಓದಿಸ್ತಾರೆ, ಓದಿದ ಮೇಲೆ ಏನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬಂದು ಎಂಜಿನಿಯರಿಂಗ್ ಓದ್ತಿರುವ ನಾವು ಕೆಲವರು ಕೂತು ಉತ್ತರ ಹುಡುಕಿದ್ವಿ. ಆ ಉತ್ತರ ಅವಳೊಬ್ಬಳಿಗಷ್ಟೇ ಸಾಲೋದಲ್ಲ ಅನ್ನಿಸಿ ಇಲ್ಲಿ ಬರೀತಿದ್ದೀವಿ.

ಮೊದಲು ಅದು ಏನಲ್ಲ ಅನ್ನೋದು. ಭಾಷಾವಿಜ್ಞಾನ ಅಂದ್ರೆ ಹತ್ತು ಭಾಷೆ ಮಾತಾಡಲಿಕ್ಕೆ ಕಲಿಯೋದಲ್ಲ. ಸಾಹಿತ್ಯ ಓದೋದೂ ಅಲ್ಲ. ಬೇರೆಯವರ ಮಾತಿನಲ್ಲಿ ತಪ್ಪು ಹಿಡಿಯೋದಂತೂ ಅಲ್ಲವೇ ಅಲ್ಲ. ಜನ ಹೆಂಗ ಮಾತಾಡ್ತಾರೋ ಹಂಗೇ ತಗೊಂಡು, ಅದರ ಹಿಂದೆ ಯಾವ ನಿಯಮ ಕೆಲಸ ಮಾಡ್ತಿದೆ ಅಂತ ಪತ್ತೆ ಹಚ್ಚೋದು. ಒಂದು ಮಷಿನ್ ಬಿಚ್ಚಿ ನೋಡಿದಂಗ.

ನಮ್ಮದೇ ಒಂದು ಮಾತನ್ನ ಬಿಚ್ಚೋಣ. ಕಲಬುರಗಿ ಸೀಮೆಯವರು "ಏನ್ ಮಾಡ್ಲತ್ತಿ?" ಅಂತ ಕೇಳ್ತೀವಿ, "ಊಟ ಮಾಡ್ಲತ್ತೀನಿ" ಅಂತೀವಿ. ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಇದು ಕೇಳಿದ ಕೂಡಲೇ ನಗು. ‘ಮಾಡ್ತಾ ಇದ್ದೀನಿ’ ಅನ್ನೋದು ಸರಿ, ‘ಮಾಡ್ಲತ್ತೀನಿ’ ಅನ್ನೋದು ಕೆಟ್ಟುಹೋದ ಕನ್ನಡ ಅನ್ನೋದು ಅವರ ನಂಬಿಕೆ. ಹಾಸ್ಟೆಲ್ ಸೇರಿದ ಆರು ತಿಂಗಳಲ್ಲಿ ನಮ್ಮಲ್ಲಿ ಅರ್ಧ ಮಂದಿ ಅದನ್ನ ಬಿಟ್ಟೇ ಬಿಡ್ತಾರೆ. ಮನೆಗೆ ಫೋನ್ ಮಾಡಿದಾಗ ಮಾತ್ರ ವಾಪಸ್ ಬರ್ತದೆ.

ಈಗ ಅದನ್ನೇ ನಿಧಾನಕ್ಕೆ ಹೇಳಿ ನೋಡಿ. ಮಾಡಲಿಕ್ಕೆ ಹತ್ತೀನಿ. ‘ಹತ್ತು’ ಅನ್ನೋ ಕ್ರಿಯಾಪದಕ್ಕೆ ಏರು ಅನ್ನೋ ಅರ್ಥ ಇದೆ, ಅಂಟು ಅನ್ನೋ ಅರ್ಥ ಇದೆ, ಶುರುವಾಗು ಅನ್ನೋ ಅರ್ಥವೂ ಇದೆ. ಮಳಿ ಹತ್ತಿತು, ಬೆಂಕಿ ಹತ್ತಿತು, ಕೂಸು ಅಳಲಿಕ್ಕೆ ಹತ್ತಿತು. ‘ಬಂದೀನಿ’ ಅಂದ್ರೆ ಬಂದಿದ್ದೇನೆ ಅಂತ ಆಗೋ ಹಂಗ ‘ಹತ್ತೀನಿ’ ಅಂದ್ರೆ ಶುರು ಮಾಡಿದ್ದೇನೆ ಅಂತ. ಮಾಡಲಿಕ್ಕೆ ಶುರು ಮಾಡಿದವ ಈಗ ಮಾಡ್ತಾನೇ ಇರ್ತಾನಲ್ಲ? ಹಂಗಾಗಿ ಶುರುವಿನ ಅರ್ಥ ಸವೆದು ‘ಈಗ ನಡೀತಿದೆ’ ಅನ್ನೋ ಅರ್ಥ ಉಳೀತು. ಅರ್ಥದ ಜೊತೆ ಉಚ್ಚಾರವೂ ಸವೀತು: ಮಾಡಲಿಕ್ಕೆ ಹತ್ತೀನಿ, ಮಾಡ್ಲಿಕ್ಕತ್ತೀನಿ, ಮಾಡ್ಲಕತ್ತೀನಿ, ಮಾಡ್ಲತ್ತೀನಿ. ಧಾರವಾಡದವರು ನಡುವಿನ ಒಂದು ಸ್ಟೇಷನ್ನಿನಲ್ಲಿ ಇಳಿದಿದ್ದಾರೆ, ನಾವು ಇನ್ನೂ ಮುಂದೆ ಬಂದಿದ್ದೀವಿ, ಅಷ್ಟೇ.

ಮೈಸೂರಿನ ‘ಮಾಡ್ತಾ ಇದ್ದೀನಿ’ ಕೂಡ ಎರಡು ಪದಗಳ ಜೋಡಣೆಯೇ, ಅಲ್ಲಿ ಸಹಾಯಕ್ಕೆ ಬಂದದ್ದು ‘ಇರು’. ಅದೂ ಸವೆದು ‘ಮಾಡ್ತಿದೀನಿ’ ಆಗಿದೆ. ಇಂಗ್ಲಿಷಿನಲ್ಲಿ ‘ಗೋಯಿಂಗ್ ಟು’ ಅನ್ನೋದು ‘ಗೊನ್ನ’ ಆದದ್ದೂ ಇದೇ ದಾರಿ. ಅಲ್ಲಿ ಹೋಗು ಅನ್ನೋ ಅರ್ಥ ಹೋಗಿ ಮುಂದೆ ಆಗುವ ಕೆಲಸ ಅನ್ನೋ ಅರ್ಥ ನಿಂತಿತು. ಸ್ವಂತ ಅರ್ಥ ಇದ್ದ ಪದ ಮೆಲ್ಲಗೆ ವ್ಯಾಕರಣದ ಪ್ರತ್ಯಯ ಆಗೋದಕ್ಕೆ ವ್ಯಾಕರಣೀಕರಣ ಅಂತಾರೆ, ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಇದು ಕಾಣ್ತದೆ. ಅಂದ್ರೆ ನಮ್ಮ ಮಾತು ಕೆಟ್ಟದ್ದಲ್ಲ, ಬೆಳೆದದ್ದು. ಇದನ್ನ ಅಭಿಮಾನದಿಂದ ಹೇಳ್ತಿಲ್ಲ, ಮಾತು ಬಿಚ್ಚಿದಾಗ ಒಳಗೆ ಸಿಕ್ಕ ಭಾಗಗಳನ್ನ ನೋಡಿ ಹೇಳ್ತಿದ್ದೀವಿ.

ಡಿಗ್ರಿಯ ಮೊದಲ ವರ್ಷ ಇಂಥದ್ದೇ ಕೆಲಸ. ಬಾಯಿಯಲ್ಲಿ ನಾಲಿಗೆ ಎಲ್ಲಿ ತಾಗಿದ್ರೆ ಯಾವ ಧ್ವನಿ ಅನ್ನೋದು ಧ್ವನಿವಿಜ್ಞಾನ. ಒಂದು ಭಾಷೆ ಆ ಧ್ವನಿಗಳಲ್ಲಿ ಯಾವ್ಯಾವುದನ್ನ ಬೇರೆ ಬೇರೆ ಅಂತ ಎಣಿಸ್ತದೆ ಅನ್ನೋದು ಧ್ವನಿಮಾವಿಜ್ಞಾನ. ಪದದ ಒಳಗಿನ ರಚನೆ ಆಕೃತಿಮಾ, ವಾಕ್ಯದ ರಚನೆ, ಅರ್ಥ, ಇವು ಆಮೇಲೆ. ಹೆಸರು ಕೇಳಿ ಹೆದರಬೇಕಿಲ್ಲ. ನಮ್ಮ ಕಡೆ ಪದದ ಕೊನೆಯ ‘ಎ’ ‘ಇ’ ಆಗ್ತದೆ. ಮನೆ ಮನಿ, ಶಾಲೆ ಸಾಲಿ, ಮಳೆ ಮಳಿ. ನಿಯಮ ಎಷ್ಟು ಗಟ್ಟಿ ಅಂದ್ರೆ ಕತ್ತೆಯೂ ಕತ್ತಿ ಆಗಿ, ಕೊಯ್ಯುವ ಕತ್ತಿಗೂ ಹೊರೆ ಹೊರುವ ಕತ್ತಿಗೂ ಕಿವಿಗೆ ವ್ಯತ್ಯಾಸವೇ ಇಲ್ಲ. ಆದ್ರೂ ಯಾರಿಗೂ ಗೊಂದಲ ಆಗೋದಿಲ್ಲ. ಯಾಕೆ ಆಗೋದಿಲ್ಲ ಅನ್ನೋದೂ ಪರೀಕ್ಷೆಗೆ ಬರುವಂಥ ಪ್ರಶ್ನೆಯೇ.

ಎರಡು, ಮೂರನೇ ವರ್ಷದ ವಿಷಯಗಳಿಗೆ ಬಂದ್ರೆ, ನಮ್ಮ ಐದು ಊರುಗಳು ಒಂದು ಲ್ಯಾಬ್ ಇದ್ದಂಗ. ಭಾಷೆಯ ಚರಿತ್ರೆ ಅನ್ನೋ ಪೇಪರನ್ನೇ ತಗೊಳ್ಳಿ. ಚಿತ್ತಾಪುರ ತಾಲೂಕಿನ ಸನ್ನತಿ ಹತ್ರ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದ ಕಲ್ಲೊಂದರಲ್ಲಿ ಅಶೋಕ ಚಕ್ರವರ್ತಿಯ ಚಿತ್ರ ಇದೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯಾ ಅಸೋಕೋ’ ಅಂತ ಹೆಸರು ಕೆತ್ತಿದ್ದಾರೆ. ಭಾಷೆ ಪ್ರಾಕೃತ. ಎರಡೇ ಪದ, ಅದರೊಳಗೆ ಮೂರು ಬದಲಾವಣೆ: ಸಂಸ್ಕೃತದ ರಾಜಾದಲ್ಲಿ ಸ್ವರಗಳ ನಡುವಿನ ‘ಜ’ ಸಡಿಲಾಗಿ ‘ಯ’, ಅಶೋಕದ ‘ಶ’ ‘ಸ’, ಕೊನೆಯ ವಿಸರ್ಗ ‘ಓ’. ಈ ರಾಯನೇ ಮುಂದೆ ಕೃಷ್ಣದೇವರಾಯನ ಹೆಸರಿನಲ್ಲಿ ಕೂತ, ನಮ್ಮ ಊರಿನ ಎಷ್ಟೋ ಅಜ್ಜಂದಿರ ಹೆಸರಿನ ಕೊನೆಗೂ ಕೂತ. ಶಾಲೆಯನ್ನ ‘ಸಾಲಿ’ ಅಂದಿದ್ದಕ್ಕೆ ನಗುವವರು ಒಮ್ಮೆ ಸನ್ನತಿಗೆ ಹೋಗಿ ಬರಬೇಕು. ಎರಡೂ ಬದಲಾವಣೆ ಬೇರೆ ಬೇರೆ ಕಾಲದವು, ಬೇರೆ ಭಾಷೆಯವು, ಒಂದರಿಂದ ಇನ್ನೊಂದು ಬಂದದ್ದಲ್ಲ. ಆದ್ರೆ ‘ಶ’ಕಾರ ‘ಸ’ಕಾರ ಆಗೋದು ನಾಲಿಗೆಯ ಸೋಮಾರಿತನ ಅನ್ನೋರು ಚಕ್ರವರ್ತಿಯ ಹೆಸರು ಕೆತ್ತಿದವನಿಗೂ ಅದೇ ಮಾತು ಹೇಳಬೇಕಾಗ್ತದೆ.

ಇನ್ನು ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ದಂಡೆಯ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅನ್ನೋದು ಎಲ್ಲರಿಗೂ ಗೊತ್ತು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕವಿರಾಜಮಾರ್ಗ ಬಂತು ಅನ್ನೋದೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಏನಂದ್ರೆ, ಅದೇ ರಾಜನ ಆಶ್ರಯದಲ್ಲಿ ಶಾಕಟಾಯನ (ಪಾಲ್ಯಕೀರ್ತಿ ಅಂತಲೂ ಕರೀತಾರೆ) ಒಂದು ಸಂಸ್ಕೃತ ವ್ಯಾಕರಣ ಬರೆದ, ಅದರ ಟೀಕೆಗೆ ರಾಜನ ಹೆಸರಿನಿಂದ ‘ಅಮೋಘವೃತ್ತಿ’ ಅಂತ ಹೆಸರಿಟ್ಟ. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಅದೇ ಕಾಲದವ, ಆ ರಾಜನನ್ನ ಹೊಗಳಿಯೇ ತನ್ನ ಗ್ರಂಥ ಶುರು ಮಾಡ್ತಾನೆ. 10ನೇ ಶತಮಾನದಲ್ಲಿ ಪುಷ್ಪದಂತ ಇದೇ ಊರಿನಲ್ಲಿ ಕೂತು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಬರೆದ. ವ್ಯಾಕರಣ ಒಂದು ಕಡೆ, ಗಣಿತ ಇನ್ನೊಂದು ಕಡೆ, ಒಂದೇ ಆಸ್ಥಾನ. ಆರ್ಟ್ಸ್ ಬೇರೆ ಸೈನ್ಸ್ ಬೇರೆ ಅನ್ನೋ ಗೋಡೆ ಆಗ ಇದ್ದಂಗ ಕಾಣೋದಿಲ್ಲ. ಚಿತ್ತಾಪುರದ ಹತ್ರದ ನಾಗಾವಿಯ ಘಟಿಕಾಸ್ಥಾನವೂ ನೆನಪಾಗ್ತದೆ. 11ನೇ ಶತಮಾನದ ಆ ವಿದ್ಯಾಲಯದ ಶಾಸನದಲ್ಲಿ ಪಾಠ ಹೇಳುವವರ ಜೊತೆಗೆ ಪುಸ್ತಕ ಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರಿಗೂ ಜಾಗ ಇದೆ.

ಕವಿರಾಜಮಾರ್ಗದಲ್ಲಿ ನಮಗೆ ಬಹಳ ಹಿಡಿಸಿದ ಎರಡು ಸಂಗತಿ ಇವೆ. ಒಂದು, ಆ ಗ್ರಂಥ ಕನ್ನಡವನ್ನ ಒಂದೇ ಅನ್ನೋದಿಲ್ಲ, ‘ಕನ್ನಡಗಳು’ ಅಂತ ಬಹುವಚನದಲ್ಲಿ ಹೇಳ್ತದೆ. ಊರೂರಿನ ಕನ್ನಡ ಎಷ್ಟು ಬೇರೆ ಬೇರೆ ಅಂದ್ರೆ ಅದರ ದೋಷ ಎಣಿಸಲಿಕ್ಕೆ ಹೋದ್ರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬರ್ತದೆ ಅನ್ನೋದು ಅಲ್ಲಿನ ಮಾತಿನ ಸಾರ. ಎರಡು, ತಿರುಳ್ಗನ್ನಡದ ನಾಡು ಅಂತ ಅದು ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯನ್ನ. ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ರಾಜಧಾನಿ ಮಾನ್ಯಖೇಟ ಅದರಲ್ಲಿಲ್ಲ! ಅಧಿಕಾರ ಇಲ್ಲಿ, ‘ಒಳ್ಳೆ ಕನ್ನಡ’ ಅಲ್ಲಿ. ಇವತ್ತು ಟಿವಿ ನಿರೂಪಕರ ಕನ್ನಡ ಎಲ್ಲಿಂದ ಬರ್ತದೆ, ಸಿನಿಮಾದಲ್ಲಿ ನಮ್ಮ ಕನ್ನಡ ಬರೀ ಹಾಸ್ಯಪಾತ್ರಕ್ಕೆ ಯಾಕೆ ಸಿಗ್ತದೆ ಅನ್ನೋ ಪ್ರಶ್ನೆಗಳೂ ಈ ಜಾತಿಯವೇ. ಸಾಮಾಜಿಕ ಭಾಷಾವಿಜ್ಞಾನ ಅನ್ನೋ ಪೇಪರ್ ಇದಕ್ಕಾಗಿಯೇ ಇದೆ.

ಆ ಪೇಪರಿಗೆ ವಾಡಿ, ಶಹಾಬಾದಗಿಂತ ಒಳ್ಳೆ ಜಾಗ ಸಿಗೋದು ಕಷ್ಟ. ಒಂದು ರೈಲ್ವೆ ಜಂಕ್ಷನ್ ಮತ್ತು ಸಿಮೆಂಟ್ ಫ್ಯಾಕ್ಟರಿ, ಇನ್ನೊಂದು ಪರ್ಸಿ ಕಲ್ಲಿನ ಊರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು, ಒಂದು ಕಡೆ ತೆಲುಗು, ಇನ್ನೊಂದು ಕಡೆ ಮರಾಠಿ. ಪರ್ಸಿ ಅನ್ನೋ ಪದವೇ ಫಾರಸಿಯ ಫರ್ಶ್, ಅಂದ್ರೆ ನೆಲಹಾಸು, ಅದರಿಂದ ಬಂದದ್ದು. ಪದ ಸಾಲ ತಗೊಳ್ಳೋದು ಎಲ್ಲರಿಗೂ ಕಾಣ್ತದೆ. ಕಾಣದೇ ಇರೋದು ವ್ಯಾಕರಣದ ಸಾಲ. ಈ ನಾಲ್ಕು ವಾಕ್ಯ ನೋಡಿ.

ಕನ್ನಡ: ನಾಳಿ ಬರ್ತೀನಂತ ಹೇಳ್ದ.
ತೆಲುಗು: ರೇಪು ವಸ್ತನನಿ ಚೆಪ್ಪಿಂಡು.
ಮರಾಠಿ: ಉದ್ಯಾ ಯೇತೋ ಮ್ಹಣೂನ್ ಸಾಂಗಿತಲ.
ದಖನಿ: ಕಲ್ ಆತೂಂ ಬೋಲ್ಕೆ ಬೋಲ್ಯಾ.

ನಾಲ್ಕರಲ್ಲೂ ಮೊದಲು ಆಡಿದ ಮಾತು, ಆಮೇಲೆ ‘ಅನ್ನು’ ಅನ್ನೋ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಕೊಂಡಿ (ಅಂತ, ಅನಿ, ಮ್ಹಣೂನ್, ಬೋಲ್ಕೆ), ಕೊನೆಗೆ ಹೇಳಿದ ಅನ್ನೋ ಕ್ರಿಯೆ. ದಖನಿ ಹಿಂದಿಯ ಅಕ್ಕತಂಗಿ. ಆದ್ರೆ ಶಿಷ್ಟ ಹಿಂದಿಯಲ್ಲಿ ‘ಉಸ್ನೇ ಕಹಾ ಕಿ’ ಅಂತ ಉಲ್ಟಾ ಶುರು ಆಗ್ತದೆ. ದ್ರಾವಿಡ ಭಾಷೆಗಳ ಮಗ್ಗುಲಲ್ಲಿ ನೂರಾರು ವರ್ಷ ಬಾಳಿ ದಖನಿ ತನ್ನ ವಾಕ್ಯದ ಅಚ್ಚನ್ನೇ ಬದಲಿಸಿತು, ಪದಗಳನ್ನ ಮಾತ್ರ ತನ್ನವೇ ಇಟ್ಟುಕೊಂಡಿತು. ಸಾಂಗ್ಲಿ ಹತ್ರದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಹೀಗೇ ಒಂದಕ್ಕೊಂದು ಹೊಂದಿಕೊಂಡದ್ದನ್ನ ಗಂಪರ್ಜ್ ಮತ್ತು ವಿಲ್ಸನ್ ಅನ್ನೋ ಇಬ್ಬರು 1971ರಲ್ಲಿ ಬರೆದ ಪ್ರಬಂಧವನ್ನ ಜಗತ್ತಿನ ತುಂಬಾ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಓದ್ತಾರೆ. ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ತಾಸು ಕೂತ್ರೆ ಅದೇ ಪಾಠ ಚಹಾದ ಜೊತೆ ಕೇಳಬಹುದು.

ಚಿಂಚೋಳಿಯದು ಬೇರೆ ಕತೆ. ಅಲ್ಲಿನ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಸಾಲಿಯಲ್ಲಿ ಮಾಸ್ತರು ಕನ್ನಡದಲ್ಲಿ ಅಕ್ಷರ ಕಲಿಸ್ತಾರೆ, ಕೂಸಿಗೆ ಅಕ್ಷರವೂ ಹೊಸದು, ಭಾಷೆಯೂ ಹೊಸದು. ಆಮೇಲೆ ‘ಈ ಹುಡುಗ ಓದೋದರಲ್ಲಿ ಹಿಂದೆ’ ಅನ್ನೋ ಮಾತು. ದೇಶದ ಜನಗಣತಿಯಲ್ಲಿ ಲಂಬಾಣಿ ಸ್ವಂತ ಭಾಷೆ ಅಂತ ಬರೋದಿಲ್ಲ, ಹಿಂದಿಯ ಕೆಳಗಿನ ಮಾತೃಭಾಷೆಗಳಲ್ಲಿ ಒಂದು ಅಂತ ಸೇರಿಸ್ತಾರೆ. 2011ರಲ್ಲಿ ಹಂಗೆ ಸೇರಿಸಿದವರ ಸಂಖ್ಯೆ 32 ಲಕ್ಷದ ಮೇಲೆ. ತಾಂಡಾದ ಅಜ್ಜಿಯ ಮಾತು ದಿಲ್ಲಿಯ ಹಿಂದಿಯವರಿಗೆ ಎಷ್ಟು ತಿಳೀತದೆ ಅಂತ ಪರೀಕ್ಷೆ ಮಾಡಿ ಈ ಲೆಕ್ಕ ಮಾಡಿದ್ದಲ್ಲ. ಯಾವುದು ಭಾಷೆ, ಯಾವುದು ಉಪಭಾಷೆ ಅನ್ನೋದು ನಾಲಿಗೆಗಿಂತ ಹೆಚ್ಚು ಕಚೇರಿಯಲ್ಲಿ ತೀರ್ಮಾನ ಆಗ್ತದೆ ಅನ್ನೋದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಇದು.

ನಮ್ಮ ಸೀಮೆಯನ್ನ ಕಚೇರಿ ಮರೆತದ್ದು ಇದೇ ಮೊದಲಲ್ಲ. 1894ರಿಂದ 1928ರ ತನಕ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸರ್ವೇಕ್ಷಣೆಯಲ್ಲಿ ಮದ್ರಾಸ್ ಪ್ರಾಂತ, ಮೈಸೂರು ಸಂಸ್ಥಾನ ಮತ್ತು ನಿಜಾಮರ ಹೈದರಾಬಾದ್ ಸಂಸ್ಥಾನವನ್ನ ಬಿಟ್ಟುಬಿಟ್ಟಿದ್ರು. ಕಲಬುರಗಿ ಆಗ ನಿಜಾಮರ ಕೈಯಲ್ಲಿತ್ತಲ್ಲ. 1960ರ ದಶಕದಲ್ಲಿ ಆರ್. ಮಹಾದೇವನ್ ಅವರು ಗುಲ್ಬರ್ಗಾ ಕನ್ನಡದ ಮೇಲೇ ಒಂದು ಪುಸ್ತಕ ಬರೆದ್ರು. ಅದಾಗಿ ಅರ್ಧ ಶತಮಾನ ದಾಟಿದೆ. ಪುಸ್ತಕದ ಮಾತು ಬಂದಾಗ ಡಿ.ಎನ್. ಶಂಕರ ಭಟ್ಟರ ಹೆಸರು ಹೇಳಲೇಬೇಕು. ಕನ್ನಡದ ವ್ಯಾಕರಣವನ್ನ ಸಂಸ್ಕೃತದ ಅಂಗಿ ತೊಡಿಸದೆ ನೋಡಬೇಕು ಅಂತ ವಾದ ಮಾಡಿದ ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪಿಯುಸಿ ಮುಗಿಸಿದವರೂ ಓದುವಂಥ ಪುಸ್ತಕ. ಬರಹದಲ್ಲಿ ಮಹಾಪ್ರಾಣ ಬಿಡಬೇಕು ಅನ್ನೋ ಅವರ ಸಲಹೆ ಬಗ್ಗೆ ನಮ್ಮ ಸಂಘದಲ್ಲೇ ರಾತ್ರಿಯಿಡೀ ಜಗಳ ಆಗಿದೆ, ಇನ್ನೂ ಮುಗಿದಿಲ್ಲ. ಅದನ್ನ ಒಪ್ಪದಿದ್ರೂ ಅವರ ವ್ಯಾಕರಣದ ಪ್ರಶ್ನೆ ತಪ್ಪಿಸಿಕೊಳ್ಳಲಿಕ್ಕೆ ಆಗೋದಿಲ್ಲ.

ಎಂಜಿನಿಯರಿಂಗಿನವರಿಗೆ ಇದರ ಗೊಡವೆ ಯಾಕೆ? ಫೋನಿಗೆ ನಮ್ಮ ಕನ್ನಡದಲ್ಲಿ ಮಾತಾಡಿ ನೋಡಿ. ಪುಸ್ತಕದ ಕನ್ನಡ ಚೆನ್ನಾಗಿ ಟೈಪ್ ಆಗ್ತದೆ, ‘ಅವ ಇನ್ನಾ ಬರ್ಲತ್ತಿದ್ದಿಲ್ಲ’ ಅಂದ್ರೆ ಫೋನು ತಡವರಿಸ್ತದೆ. ಆ ಒಂದು ಪದದೊಳಗೆ ಬರು, ಲಿಕ್ಕೆ, ಹತ್ತು, ಇದ್ದ, ಇಲ್ಲ ಎಲ್ಲ ಇವೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಪದ ಬೇಕು. ಮಷಿನ್ ಎಷ್ಟು ತಪ್ಪು ಮಾಡ್ತು ಅಂತ ಅಳೆಯಲಿಕ್ಕೆ ತಪ್ಪಾದ ಪದಗಳ ಪ್ರಮಾಣ ಲೆಕ್ಕ ಹಾಕ್ತಾರೆ. ಕನ್ನಡದಲ್ಲಿ ಕೊನೆಯ ಒಂದು ಪ್ರತ್ಯಯ ತಪ್ಪಿದ್ರೆ ಇಡೀ ಉದ್ದನೆ ಪದವೇ ತಪ್ಪು. ಹಂಗಾಗಿ ಒಂದೇ ಅಳತೆಗೋಲಿನಲ್ಲಿ ಕನ್ನಡ ಯಾವಾಗಲೂ ಹಿಂದೆ ಕಾಣ್ತದೆ. ಅದಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ. ತರಬೇತಿಗೆ ಧ್ವನಿ ದಾಖಲಿಸಿ ಬರೆದಿಡುವಾಗ ‘ಮಾಡ್ಲತ್ತೀನಿ’ ಅಂತ ಕೇಳಿದ್ದನ್ನೇ ಬರೀಬೇಕೋ, ‘ಮಾಡುತ್ತಿದ್ದೇನೆ’ ಅಂತ ತಿದ್ದಿ ಬರೀಬೇಕೋ? ಯಾರೋ ಒಬ್ಬರು ಕೂತು ಇದನ್ನ ತೀರ್ಮಾನ ಮಾಡ್ತಾರೆ. ಆ ಕುರ್ಚಿಯಲ್ಲಿ ಭಾಷಾವಿಜ್ಞಾನ ಗೊತ್ತಿರುವ, ಸೇಡಂ ಕನ್ನಡವೂ ಗೊತ್ತಿರುವ ಒಬ್ಬರು ಇದ್ರೆ ಫಲಿತಾಂಶವೇ ಬೇರೆ. ಕೇಂದ್ರ ಸರ್ಕಾರದ ಭಾಷಿಣಿ 2022ರಿಂದ ನಡೀತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ 9 ಭಾಷೆಗಳ ಉಪಭಾಷೆಗಳ ಧ್ವನಿ ಸಂಗ್ರಹಿಸಿದೆ. ಕೆಲಸ ಇದೆ, ಜನ ಕಮ್ಮಿ.

ಈಗ ಎಲ್ಲಿ ಓದೋದು ಅನ್ನೋ ಪ್ರಶ್ನೆ. ಕರ್ನಾಟಕದಲ್ಲಿ ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಭಾಷಾವಿಜ್ಞಾನದ ಎಂಎ ಇದೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವೂ ಮೈಸೂರಿನಲ್ಲೇ ಇದೆ. ಆದ್ರೆ ಪಿಯುಸಿ ಆದ ಕೂಡಲೇ ಸೇರುವ ಡಿಗ್ರಿ ನಮ್ಮ ರಾಜ್ಯದಲ್ಲಿ ಹುಡುಕಿದ್ರೆ ಸಿಗೋದು ಬಹಳ ಕಷ್ಟ. ಇದು ನಮಗೆ ಸಿಟ್ಟು ತರಿಸುವ ಸಂಗತಿ. ಇಷ್ಟು ಭಾಷೆಗಳಿರುವ ರಾಜ್ಯದಲ್ಲಿ ಹದಿನೆಂಟು ವರ್ಷದ ಹುಡುಗಿಗೆ ಈ ಬಾಗಿಲು ತೆರೆದಿಲ್ಲ. ಹತ್ತಿರದ ಒಂದು ದಾರಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965). ಅಲ್ಲಿನ ಬಿಎಎಸ್‌ಎಲ್‌ಪಿ 4 ವರ್ಷದ್ದು, ಕೊನೆಯ ವರ್ಷ ಇಂಟರ್ನ್‌ಶಿಪ್. ಮಾತು ಮತ್ತು ಕಿವಿಯ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ವೃತ್ತಿ. ಧ್ವನಿವಿಜ್ಞಾನ, ಭಾಷಾವಿಜ್ಞಾನ ಅದರ ಅಡಿಪಾಯ. ಸೈನ್ಸ್ ಓದಿದವರಿಗೆ ನೌಕರಿಯ ದೃಷ್ಟಿಯಿಂದ ಇದೇ ಗಟ್ಟಿ ಅನ್ನೋದು ನಮ್ಮ ಅಭಿಪ್ರಾಯ.

ಹೊರಗೆ ಹೋಗಲಿಕ್ಕೆ ತಯಾರಿದ್ರೆ ಅಲಿಗಢದಲ್ಲಿ ಭಾಷಾವಿಜ್ಞಾನದ ಬಿಎ ಆನರ್ಸ್ ಇದೆ, ಬನಾರಸದಲ್ಲಿ ಬಿಎ ಒಳಗೆ ವಿಷಯವಾಗಿ ಇದೆ. ನಮ್ಮ ಕಡೆಯವರಿಗೆ ಇವಕ್ಕಿಂತ ಹೈದರಾಬಾದ್ ಸರಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪಿಯುಸಿ ನಂತರ 5 ವರ್ಷದ ಇಂಟಿಗ್ರೇಟೆಡ್ ಎಂಎ ಕೋರ್ಸುಗಳಲ್ಲಿ ಭಾಷಾ ವಿಜ್ಞಾನಗಳದ್ದೂ ಒಂದು, ಪ್ರವೇಶ ಸಿಯುಇಟಿ ಮೂಲಕ. ಅಲ್ಲೇ ಗಚ್ಚಿಬೌಲಿಯ ಟ್ರಿಪಲ್ ಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಟೆಕ್ ಜೊತೆ ಗಣಕ ಭಾಷಾವಿಜ್ಞಾನದ ಎಂಎಸ್ ಸೇರಿಸಿ 5 ವರ್ಷದ ಕೋರ್ಸ್ ಇದೆ. ಪಾಣಿನಿಯ ಕಾರಕಗಳನ್ನ ಆಧಾರ ಮಾಡ್ಕೊಂಡು ಭಾರತೀಯ ಭಾಷೆಗಳ ವಾಕ್ಯವನ್ನ ಕಂಪ್ಯೂಟರಿಗೆ ಬಿಡಿಸುವ ಪುಸ್ತಕವನ್ನ 1995ರಲ್ಲಿ ಬರೆದವರಲ್ಲಿ ಒಬ್ಬರಾದ ರಾಜೀವ್ ಸಂಗಲ್ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು. ಫೀಸು ಮಾತ್ರ ಸಣ್ಣದಲ್ಲ, ವಿಶ್ವವಿದ್ಯಾಲಯದ್ದಕ್ಕೂ ಇದಕ್ಕೂ ಅಜಗಜಾಂತರ. ಎರಡೂ ಕಡೆ ಪ್ರವೇಶದ ನಿಯಮ ಬದಲಾಗ್ತಾ ಇರ್ತವೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ.

ನೌಕರಿ ಬಗ್ಗೆ ಮನೆಯಲ್ಲಿ ಕೇಳೇ ಕೇಳ್ತಾರೆ, ಸುಳ್ಳು ಹೇಳಬಾರದು. ಬರೀ ಬಿಎ ಮುಗಿಸಿದ ಕೂಡಲೇ ಕ್ಯಾಂಪಸ್ಸಿಗೆ ಕಂಪನಿಗಳು ಸಾಲುಗಟ್ಟಿ ಬರೋದಿಲ್ಲ. ಎಂಎ, ನೆಟ್, ಪಿಎಚ್‌ಡಿ ದಾರಿಯಲ್ಲಿ ಹೋದ್ರೆ ಪಾಠ ಮತ್ತು ಸಂಶೋಧನೆ. ಕೋಡಿಂಗ್ ಜೊತೆಗಿದ್ರೆ ಭಾಷಾ ತಂತ್ರಜ್ಞಾನ. ಅದಿಲ್ಲದಿದ್ರೆ ನಿಘಂಟು, ಅನುವಾದ, ಪಠ್ಯಪುಸ್ತಕದ ಕೆಲಸ, ಇಲ್ಲಿ ಪಗಾರ ಕಮ್ಮಿ. ಸಾಲ ಮಾಡಿ ಓದಿಸುವ ಮನೆಯವರು ಇದನ್ನ ಮೊದಲೇ ತಿಳಿದಿರಬೇಕು.

ಸೇರುವ ಮುಂಚೆ ಈ ಓದು ನಮಗೆ ಹಿಡಿಸ್ತದೋ ಇಲ್ಲವೋ ನೋಡಲಿಕ್ಕೆ ಪುಕ್ಕಟೆ ದಾರಿಗಳಿವೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಭಾಷಾವಿಜ್ಞಾನದ ಪಾಠಗಳಿವೆ. ಶಾಲೆ, ಪಿಯುಸಿ ಮಕ್ಕಳಿಗೆ ಪಾಣಿನಿ ಭಾಷಾವಿಜ್ಞಾನ ಒಲಿಂಪಿಯಾಡ್ ನಡೀತದೆ. ಗೊತ್ತೇ ಇಲ್ಲದ ಭಾಷೆಯ ಹತ್ತು ವಾಕ್ಯ ಮತ್ತು ಅರ್ಥ ಕೊಟ್ಟು ಹನ್ನೊಂದನೆಯದನ್ನ ನೀನೇ ಕಟ್ಟು ಅಂತಾರೆ. ಅದರಲ್ಲಿ ಗೆದ್ದವರು ಹೋಗುವ ಅಂತಾರಾಷ್ಟ್ರೀಯ ಒಲಿಂಪಿಯಾಡ್ 2016ರಲ್ಲಿ ಮೈಸೂರಿನಲ್ಲೇ ನಡೆದಿತ್ತು. ಹಳೆ ಪ್ರಶ್ನೆಪತ್ರಿಕೆಗಳು ಸಿಗ್ತವೆ. ಒಂದು ಭಾನುವಾರ ಅದನ್ನ ಬಿಡಿಸಲಿಕ್ಕೆ ಕೂತು, ಊಟಕ್ಕೆ ಕರೆದದ್ದು ಕೇಳಿಸದೇ ಹೋದ್ರೆ ಅರ್ಜಿ ಹಾಕಿ.

ಹೈದರಾಬಾದಿಗೆ ಹೋಗುವವರಿಗೆ ಒಂದು ಮಾಹಿತಿ. ವಾಡಿಯಿಂದ ಹೊರಡುವ ಗಾಡಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರ, ವಿಕಾರಾಬಾದ ಮೇಲೆ ಹೋಗ್ತದೆ. ಚಿಂಚೋಳಿಗೆ ರೈಲಿಲ್ಲ, ಬಸ್ಸಿನಲ್ಲಿ ತಾಂಡೂರಿಗೆ ಹೋಗಿ ಹತ್ತೋದು ಸಲೀಸು. ಇಳಿಯೋದು ಲಿಂಗಂಪಲ್ಲಿಯಲ್ಲಿ, ಯಾಕಂದ್ರೆ ವಿಶ್ವವಿದ್ಯಾಲಯವೂ ಟ್ರಿಪಲ್ ಐಟಿಯೂ ಆ ಕಡೆಗೇ ಇವೆ. ಗಾಡಿ ಅಲ್ಲಿ ನಿಲ್ತದೋ ಇಲ್ಲವೋ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳ್ಕೊಳ್ಳಿ.